ಅಗ್ದಮ್‌ಗೆ ಮರಳುವುದು: ನೆಲಬಾಂಬು, ಕಹರಿಝ್, ಮಂಜಿಷ್ಠದ ಬೇರು

2021ರ ಜೂನ್ 12ರಂದು ಅಜರ್‌ಬೈಜಾನ್ ತನ್ನ ವಶದಲ್ಲಿದ್ದ 15 ಅರ್ಮೇನಿಯನ್ ಬಂಧಿತರನ್ನು ಬಿಟ್ಟುಕೊಟ್ಟಿತು. ಬದಲಿಗೆ ಅರ್ಮೇನಿಯಾದಿಂದ ಸಿಕ್ಕಿದ್ದು ಒಂದು ಕಟ್ಟು ನಕ್ಷೆ. ಕರಾಬಾಖ್ ಸೀಮೆಯ ಅಗ್ದಮ್ ಜಿಲ್ಲೆಯ ನೆಲದಲ್ಲಿ ಹೂತಿಟ್ಟ 97,000 ನೆಲಬಾಂಬುಗಳ ಲೆಕ್ಕ ಅದರಲ್ಲಿತ್ತು. ನಡುವೆ ನಿಂತು ವ್ಯವಹಾರ ಕುದುರಿಸಿದ್ದು ಜಾರ್ಜಿಯಾ. ಮರು ತಿಂಗಳು ಫಿಜುಲಿ, ಝಂಗಿಲಾನ್ ಜಿಲ್ಲೆಗಳ ನಕ್ಷೆಯೂ ಬಂತು, ಅದರಲ್ಲಿ 92,000. ಈ ಸೀಮೆಗಾಗಿ 2020ರಲ್ಲಿ ಅರ್ಮೇನಿಯನ್ ಪಡೆಗಳ ಜೊತೆ ನಡೆದ 44 ದಿನಗಳ ಯುದ್ಧ ಮುಗಿದು ಆಗಲೇ ಏಳು ತಿಂಗಳು ಕಳೆದಿತ್ತು. ಊರು ಮರಳಿ ಅಜರ್‌ಬೈಜಾನಿನ ಕೈಗೆ ಬಂದಿತ್ತು, ಊರಿನವರು ಮಾತ್ರ ಅಲ್ಲಿ ಕಾಲಿಡುವಂತಿರಲಿಲ್ಲ.

ಕರಾಬಾಖ್ ಎಂದರೆ ನಮ್ಮಲ್ಲಿ ಚರ್ಚೆ ಡ್ರೋನಿನಿಂದ ಶುರುವಾಗಿ ಡ್ರೋನಿನಲ್ಲೇ ಮುಗಿಯುತ್ತದೆ. ಯುದ್ಧ ಮುಗಿದ ಮೇಲಿನ ಕೆಲಸವೇ ದೊಡ್ಡದು, ನಿಧಾನದ್ದು, ಹೆಚ್ಚು ಲೆಕ್ಕಾಚಾರದ್ದು. ಆ ಕೆಲಸಕ್ಕೊಂದು ಕ್ರಮವಿದೆ: ಮೊದಲು ನೆಲ, ಆಮೇಲೆ ನೀರು, ಆಮೇಲೆ ಸೂರು. ಕ್ರಮ ತಪ್ಪಿದರೆ ಹೊಸ ಮನೆಯ ಬಾಗಿಲಿಗೆ ಬೀಗ ಬೀಳುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಜರ್‌ಬೈಜಾನಿಗಳು ಒಘುಜ್ ತುರ್ಕಿ ಭಾಷೆಯವರು, ಬಹುಪಾಲು ಶಿಯಾ ಮುಸ್ಲಿಮರು. 1813ರ ಗುಲಿಸ್ತಾನ್ ಮತ್ತು 1828ರ ತುರ್ಕ್‌ಮನ್‌ಚಾಯ್ ಒಪ್ಪಂದಗಳು ಅವರನ್ನು ಅರಸ್ ನದಿಯ ಎರಡೂ ದಡಗಳಿಗೆ ಹಂಚಿದವು: ಉತ್ತರದವರು ರಷ್ಯಾಕ್ಕೆ, ದಕ್ಷಿಣದವರು ಇರಾನಿಗೆ. ದಕ್ಷಿಣ ದಡದಲ್ಲೇ ಇಂದಿಗೂ ಜನ ಹೆಚ್ಚು. ಉತ್ತರದಲ್ಲಿ 1918ರ ಮೇ 28ರಂದು ಹುಟ್ಟಿದ ಗಣರಾಜ್ಯ ಎರಡು ವರ್ಷವೂ ಬಾಳಲಿಲ್ಲ, 1920ರ ಏಪ್ರಿಲ್‌ನಲ್ಲಿ ಕೆಂಪುಸೇನೆ ಬಂತು. ಅರ್ಮೇನಿಯನ್ನರೇ ಹೆಚ್ಚಾಗಿದ್ದ ಬೆಟ್ಟದ ಸೀಮೆ 1923ರಲ್ಲಿ ಸೋವಿಯತ್ ಅಜರ್‌ಬೈಜಾನಿನೊಳಗೆ ನಗೋರ್ನೊ-ಕರಾಬಾಖ್ ಸ್ವಾಯತ್ತ ಪ್ರದೇಶವಾಯಿತು. 1988ರಲ್ಲಿ ಜಗಳ ಬೀದಿಗಿಳಿಯಿತು. ಅಜರ್‌ಬೈಜಾನಿನ ಸುಮ್‌ಗಾಯಿತ್‌ನಲ್ಲೂ 1990ರಲ್ಲಿ ರಾಜಧಾನಿ ಬಾಕುವಿನಲ್ಲೂ ಅರ್ಮೇನಿಯನ್ನರ ಕೊಲೆಗಳಾದವು. ಅರ್ಮೇನಿಯಾದಿಂದ ಸುಮಾರು ಎರಡು ಲಕ್ಷ ಅಜರ್‌ಬೈಜಾನಿಗಳು ಹೊರಬಿದ್ದರು. 1992ರ ಫೆಬ್ರವರಿ 26ರ ರಾತ್ರಿ ಖೋಜಾಲಿಯಲ್ಲಿ ಓಡಿಹೋಗುತ್ತಿದ್ದ ಅಜರ್‌ಬೈಜಾನಿ ನಾಗರಿಕರ ಹತ್ಯೆಯಾಯಿತು, ಬಾಕುವಿನ ಲೆಕ್ಕದಲ್ಲಿ 613 ಜನ. ಅದೇ ಮೇ ತಿಂಗಳಲ್ಲಿ ಶುಶಾ, ಲಾಚಿನ್ ಅರ್ಮೇನಿಯನ್ ಪಡೆಗಳ ಕೈಗೆ ಬಿದ್ದವು. 1993ರಲ್ಲಿ ಕಲ್ಬಜರ್, ಅಗ್ದಮ್, ಫಿಜುಲಿ, ಜಬ್ರಾಯಿಲ್, ಗುಬಾದ್ಲಿ, ಝಂಗಿಲಾನ್ ಒಂದರ ಹಿಂದೊಂದು ಹೋದವು. 1994ರ ಮೇ 12ರಂದು ಕದನವಿರಾಮ ಬರುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ತಮ್ಮದೇ ದೇಶದೊಳಗೆ ನಿರಾಶ್ರಿತರಾಗಿದ್ದರು. ಶಾಲೆಯ ಕೊಠಡಿ, ಹಾಸ್ಟೆಲ್, ಗೂಡ್ಸ್ ರೈಲಿನ ಡಬ್ಬಿ, ಟೆಂಟು, ಎಲ್ಲೆಂದರಲ್ಲಿ ಸಂಸಾರ. ಕೊನೆಯ ಟೆಂಟು ಶಿಬಿರ ಮುಚ್ಚಿದ್ದು 2007ರಲ್ಲಿ. ಅದಕ್ಕೆ ಹಣ ಬಂದದ್ದು ಪೆಟ್ರೋಲಿಯಂ ಎಣ್ಣೆಯಿಂದ.

ಎಣ್ಣೆಯ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. ಬಾಕು ಹತ್ತಿರದ ಸುರಾಖಾನಿಯಲ್ಲಿ ಆತೆಶ್‌ಗಾಹ್ ಎಂಬ ಅಗ್ನಿಮಂದಿರವಿದೆ. ಭಾರತದಿಂದ ಹೋದ ವ್ಯಾಪಾರಿಗಳು, ಸಾಧುಗಳು ಅದನ್ನು ನಡೆಸುತ್ತಿದ್ದರು. ಕೋಣೆಗಳ ಬಾಗಿಲ ಮೇಲೆ ದೇವನಾಗರಿಯಲ್ಲಿ ಗಣೇಶನಿಗೆ ನಮಸ್ಕಾರ ಕೆತ್ತಿದೆ, ಗುರುಮುಖಿಯ ಶಾಸನಗಳೂ ಇವೆ. ನೆಲದಿಂದ ತಾನಾಗಿ ಉರಿಯುತ್ತಿದ್ದ ಜ್ವಾಲೆ, ಸುತ್ತಲಿನ ಅನಿಲವನ್ನು ಹೀರಿ ಹೀರಿ 1969ರಲ್ಲಿ ಆರಿತು. ಈಗ ಕಾಣುವುದು ಪೈಪಿನ ಗ್ಯಾಸು.

ನೆಲದ ಕೆಲಸಕ್ಕೆ ಬರೋಣ. ಅಜರ್‌ಬೈಜಾನಿನ ನೆಲಬಾಂಬು ತೆರವು ಸಂಸ್ಥೆ ಅನಾಮ ಶುರುವಾದದ್ದು 1998ರಲ್ಲಿ. ಅಗ್ದಮ್ ಸುತ್ತ ಸಿಗುವ ಬಾಂಬುಗಳು ಬಹುತೇಕ ಸೋವಿಯತ್ ಮಾದರಿಯವು. ಪಿಎಂಎನ್-2 ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಕತ್ತರಿಯಾಕಾರದ ಕಪ್ಪು ರಬ್ಬರ್ ಒತ್ತುಪಟ್ಟಿ, ಒಳಗೆ ಸುಮಾರು 100 ಗ್ರಾಂ ಸ್ಫೋಟಕ. ಮಗುವಿನ ಭಾರವೂ ಸಾಕು, ಪಾದ ಹೋಗುತ್ತದೆ. ಅದರ ಅಣ್ಣ ಪಿಎಂಎನ್‌ನಲ್ಲಿ ಎರಡು ಪಟ್ಟಿಗೂ ಹೆಚ್ಚು ಸ್ಫೋಟಕ, ಮೊಣಕಾಲಿನ ಮೇಲೂ ಹಾನಿ. ಟ್ಯಾಂಕಿಗೆಂದು ಹೂಳುವ ಟಿಎಂ-62ಎಂನಲ್ಲಿ ಏಳೂವರೆ ಕಿಲೋ ಸ್ಫೋಟಕವಿದ್ದು, ಅದು ಸಿಡಿಯಲು ನೂರೈವತ್ತು ಕಿಲೋಗೂ ಮೇಲಿನ ಭಾರ ಬೇಕು. ನಡೆದು ಹೋದವನನ್ನು ಅದು ಬಿಟ್ಟುಬಿಡಬಹುದು, ಟ್ರ್ಯಾಕ್ಟರನ್ನು ಬಿಡುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಓಝೆಡ್‌ಎಂ-72. ಹುಲ್ಲಿನಲ್ಲಿ ಅಡಗಿದ ತಂತಿ ಎಡವಿದರೆ ಮೊದಲು ಸೊಂಟದೆತ್ತರಕ್ಕೆ ಹಾರಿ, ಅಲ್ಲಿ ಸಿಡಿದು ಸುತ್ತಲೂ ಉಕ್ಕಿನ ಚೂರು ಎರಚುತ್ತದೆ.

ನಕ್ಷೆ ಸಿಕ್ಕ ಮೇಲೆ ಕಷ್ಟವೇನು ಎಂದು ಕೇಳಬಹುದು. ಅವುಗಳಲ್ಲಿ ಸರಿಯಿರುವುದು ಕಾಲು ಭಾಗ ಮಾತ್ರ ಎಂಬುದು ಬಾಕುವಿನ ದೂರು. ರಾಜಕೀಯ ಬದಿಗಿಟ್ಟರೂ ಹಳೆಯ ನಕ್ಷೆ ಹೀಗೆ ಕೈಕೊಡಲು ಕಾರಣಗಳಿವೆ. ಸಾಲನ್ನು ಗುರುತಿಸುವುದು ಒಂದು ಗುರುತಿನ ಬಿಂದುವಿನಿಂದ: ಕಂಬದಿಂದ ಇಂಥ ದಿಕ್ಕಿಗೆ ಇಷ್ಟು ಮೀಟರು, ಮನೆಯ ಮೂಲೆಯಿಂದ ಇಷ್ಟು. ಮೂವತ್ತು ವರ್ಷದಲ್ಲಿ ಕಂಬ ಗುಜರಿಗೆ ಹೋಗಿದೆ. ಮನೆ? ಅಗ್ದಮ್‌ನ ಮನೆಗಳನ್ನು ಕೆಡವಿದ್ದರಲ್ಲಿ ಶೆಲ್ಲಿನ ಪಾಲಿಗಿಂತ, ಆಮೇಲೆ ಕಲ್ಲು, ತೊಲೆ, ಪೈಪು, ಹೆಂಚು ಕಿತ್ತುಕೊಂಡು ಹೋದವರ ಪಾಲೇ ದೊಡ್ಡದು. ಗುರುತಿನ ಬಿಂದುವೇ ಇಲ್ಲದ ಮೇಲೆ ಉಳಿದ ಅಳತೆ ಗಾಳಿಯಲ್ಲಿ ತೇಲುತ್ತದೆ. ಇಳಿಜಾರಿನಲ್ಲಿ ಮಳೆನೀರು ಪ್ಲಾಸ್ಟಿಕ್ ಬಾಂಬುಗಳನ್ನು ಜಾಗ ಬದಲಿಸುತ್ತದೆ. ಹಳೆಯ ಸಾಲಿನ ಮೇಲೆ ಇನ್ನೊಂದು ತುಕಡಿ ಹೊಸ ಸಾಲು ಹೂತಿರುತ್ತದೆ, ಹಿಮ್ಮೆಟ್ಟುವ ಅವಸರದಲ್ಲಿ ಹೂತದ್ದನ್ನು ಯಾರೂ ಬರೆದಿಡುವುದಿಲ್ಲ. ಬಾಂಬು ಹೂತದ್ದು ಒಂದೇ ಕಡೆಯವರಲ್ಲ, ಎರಡೂ ಸೈನ್ಯಗಳು. ನೆಲಬಾಂಬು ನಿಷೇಧದ ಒಟ್ಟಾವಾ ಒಪ್ಪಂದಕ್ಕೆ ಅಜರ್‌ಬೈಜಾನ್ ಸೇರಿಲ್ಲ, ಅರ್ಮೇನಿಯಾ ಸೇರಿಲ್ಲ. ಭಾರತವೂ ಸೇರಿಲ್ಲ.

ಕೈಯಿಂದ ತೆರವು ಮಾಡುವ ಕ್ರಮ ಇದು. ಒಂದು ಮೀಟರ್ ಅಗಲದ ಓಣಿ ಗುರುತು ಮಾಡುತ್ತಾರೆ. ಮೊದಲು ತೆಳು ಕಡ್ಡಿಯನ್ನು ನೆಲದಿಂದ ಮೇಲಕ್ಕೆ ಮೆಲ್ಲಗೆ ಎತ್ತುತ್ತಾ ಎಡವುತಂತಿ ಇದೆಯೇ ನೋಡಬೇಕು. ತಂತಿ ಇಲ್ಲವೆಂದು ಖಾತ್ರಿಯಾದ ಮೇಲೆ ಹುಲ್ಲು, ಮುಳ್ಳು ಕತ್ತರಿಸುವುದು. ನಂತರ ಡಿಟೆಕ್ಟರ್, ಒಂದು ಬೀಸಿನ ಮೇಲೆ ಇನ್ನೊಂದು ಬೀಸು ಅರ್ಧ ಕೂರುವಂತೆ. ಸದ್ದು ಬಂದರೆ ಸದ್ದಿನ ನಡುಬಿಂದು ಗುರುತಿಸಿ, ಅದಕ್ಕಿಂತ ಒಂದು ಗೇಣು ಹಿಂದಿನಿಂದ ಅಗೆಯಲು ಶುರು. ಚುಚ್ಚುಕೋಲು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿಯೇ ಹೋಗಬೇಕು. ನೆಟ್ಟಗೆ ಚುಚ್ಚಿದರೆ ತುದಿ ತಾಗುವುದು ಒತ್ತುಪಟ್ಟಿಗೆ, ಓರೆಯಾಗಿ ಹೋದರೆ ಡಬ್ಬಿಯ ಪಕ್ಕಕ್ಕೆ. ಪಕ್ಕ ಕಾಣುವಷ್ಟು ಮಣ್ಣು ಬಿಡಿಸಿ ಅಲ್ಲಿಗೆ ನಿಲ್ಲಿಸುತ್ತಾರೆ. ಪಿಎಂಎನ್-2 ಒಮ್ಮೆ ಸಜ್ಜಾದರೆ ನಿಷ್ಕ್ರಿಯಗೊಳಿಸುವ ದಾರಿಯಿಲ್ಲ. ಪಕ್ಕದಲ್ಲಿ ಸಣ್ಣ ಸ್ಫೋಟಕದ ತುಂಡಿಟ್ಟು ಇದ್ದಲ್ಲೇ ಸಿಡಿಸುವುದೇ ಮಾರ್ಗ. ಇಷ್ಟೆಲ್ಲ ಮಾಡಿ ಅಗೆದಾಗ ಹೆಚ್ಚಿನ ಸಲ ಸಿಗುವುದು ಮೊಳೆ, ಶೆಲ್ಲಿನ ಚೂರು, ಡಬ್ಬಿಯ ಮುಚ್ಚಳ. ಹೀಗಾಗಿ ಒಬ್ಬರು ದಿನಕ್ಕೆ ಮಾಡುವುದು ಕೆಲವು ಹತ್ತು ಚದರ ಮೀಟರ್, ಹೆಚ್ಚೆಂದರೆ ಒಂದು ಸಾಧಾರಣ ಮನೆಯ ಅಂಗಳದಷ್ಟು.

ಯಂತ್ರಗಳಿವೆ. ತುರ್ಕಿಯ ಮೆಮಾಟ್, ಸ್ಲೊವಾಕಿಯಾದ ಬೊಝೆನಾ, ಇವೆಲ್ಲ ದೂರದಿಂದ ನಡೆಸುವ, ಸರಪಳಿ ತಿರುಗಿಸಿ ನೆಲ ಬಡಿಯುವ ಗಾಡಿಗಳು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಯಂತ್ರ ಹೋದ ಹೊಲ ಸ್ವಚ್ಛವಾಯಿತು ಎಂದುಕೊಳ್ಳಬಾರದು. ಸರಪಳಿ ಕೆಲವು ಬಾಂಬುಗಳನ್ನು ಸಿಡಿಸದೆ ಒಡೆಯುತ್ತದೆ, ಕೆಲವನ್ನು ಪಕ್ಕಕ್ಕೆ ಎಸೆಯುತ್ತದೆ, ಕಲ್ಲು ಅಡ್ಡ ಬಂದ ಕಡೆ ತಗ್ಗನ್ನು ಬಿಟ್ಟುಬಿಡುತ್ತದೆ. ಅದು ಪೊದೆ ತೆಗೆದು ನೆಲ ಸಡಿಲಿಸಿ ಕೊಡುವ ಆಳು ಅಷ್ಟೆ. ಹಿಂದೆಯೇ ನಾಯಿ ಅಥವಾ ಮನುಷ್ಯ ಹೋಗಲೇಬೇಕು. ನಾಯಿಯೂ ಬಿಸಿಲೇರಿದರೆ, ಗಾಳಿ ಜೋರಾದರೆ ನಂಬಿಕೆಗೆ ಬರುವುದಿಲ್ಲ.

ಇನ್ನೊಂದು ಅಳತೆಯನ್ನು ರೈತರು ಕೇಳಿ ತಿಳಿಯಬೇಕು. ಬೇರೆ ಮಾಹಿತಿ ಇಲ್ಲದಾಗ ಅಂತರರಾಷ್ಟ್ರೀಯ ಮಾನದಂಡ ಹೇಳುವ ತೆರವಿನ ಆಳ 13 ಸೆಂಟಿಮೀಟರ್. ನೇಗಿಲು ಹೋಗುವುದು 20ರಿಂದ 25. ದನ ಮೇಯುವ ಬಯಲಿಗೆ ಸಾಕಾದ ಆಳ ಗೋಧಿ ಹೊಲಕ್ಕೆ ಸಾಲದು, ಗೋಧಿ ಹೊಲಕ್ಕೆ ಸಾಕಾದದ್ದು ಮನೆಯ ಪಾಯಕ್ಕೆ ಸಾಲದು. ಈ ನೆಲ ಮುಂದೆ ಯಾತಕ್ಕೆ ಎಂಬ ಪ್ರಶ್ನೆ ಡಿಟೆಕ್ಟರ್ ಹಿಡಿಯುವ ಮೊದಲೇ ತೀರ್ಮಾನವಾಗಬೇಕು. ತೆರವಿನವರು ಗುರುತಿಗೆ ಇಡುವ ಕಲ್ಲುಗಳ ಬಣ್ಣವೂ ಗೊತ್ತಿರಲಿ: ಕೆಂಪು ಬಳಿದ ಕಡೆ ಅಪಾಯ, ಬಿಳಿ ಬಳಿದ ಕಡೆ ತೆರವಾದ ನೆಲ.

ತೆರವಾಗುವವರೆಗೆ ಕಾಯದೇ ಹೋದವರಿಗೆ ಏನಾಯಿತು ಎಂಬುದು ದಾಖಲಾಗಿದೆ. 2020ರ ನವೆಂಬರ್ 28ರಂದು, ಯುದ್ಧ ನಿಲ್ಲಿಸುವ ಹೇಳಿಕೆಗೆ ಸಹಿ ಬಿದ್ದು ಮೂರು ವಾರವೂ ಆಗಿರಲಿಲ್ಲ, ಫಿಜುಲಿಯ ತಮ್ಮ ಹಳ್ಳಿ ನೋಡಲು ಹೋದ ಒಂದೇ ಕುಟುಂಬದ ನಾಲ್ವರು ಕಾರಿನಲ್ಲೇ ಸತ್ತರು. ಮರು ವರ್ಷ ಜೂನ್ 4ರಂದು ಕಲ್ಬಜರ್‌ನಲ್ಲಿ ಇಬ್ಬರು ಪತ್ರಕರ್ತರು ಮತ್ತು ಒಬ್ಬ ಅಧಿಕಾರಿ. ಎರಡೂ ಕಡೆ ಸಿಡಿದದ್ದು ಟ್ಯಾಂಕಿಗೆಂದು ಹೂತ ಬಾಂಬು. ಮನೆ ನೆನಪು, ತಂದೆತಾಯಿಯ ಗೋರಿ, ಇವು ಜನರನ್ನು ಎಳೆಯುವಷ್ಟು ಬಲವಾಗಿ ಎಚ್ಚರಿಕೆ ಫಲಕ ತಡೆಯುವುದಿಲ್ಲ.

ಗೋರಿಗಳಲ್ಲೇ ಇನ್ನೊಂದು ತೊಡಕಿದೆ. ಅಜರ್‌ಬೈಜಾನಿ ಭಾಷೆ ಒಂದು ಶತಮಾನದಲ್ಲಿ ಮೂರು ಸಲ ಲಿಪಿ ಬದಲಿಸಿದೆ. 1929ರವರೆಗೆ ಅರಬ್ಬಿ, ಆಮೇಲೆ ಲ್ಯಾಟಿನ್, 1940ರ ಹೊತ್ತಿಗೆ ಸಿರಿಲಿಕ್, 1991ರಿಂದ ಮತ್ತೆ ಲ್ಯಾಟಿನ್. ಬಾಕುವಿನಲ್ಲಿ ಓದಿ ಬೆಳೆದ ಮೊಮ್ಮಗಳಿಗೆ ಅಜ್ಜನ ಮನೆಪತ್ರ ಓದಲು ಬರುವುದಿಲ್ಲ, ಮುತ್ತಜ್ಜನ ಗೋರಿಕಲ್ಲು ಅದಕ್ಕಿಂತಲೂ ದೂರ.

ಈಗ ನೀರು. ತರ್ತರ್ ನದಿಗೆ 1976ರಲ್ಲಿ ಕಟ್ಟಿದ ಸರ್ಸಂಗ್ ಅಣೆಕಟ್ಟು 125 ಮೀಟರ್ ಎತ್ತರ. ಕೆಳಗಿನ ಬಯಲಿನಲ್ಲಿ ಲಕ್ಷ ಹೆಕ್ಟೇರ್ ಸುಮಾರು ನೀರಾವರಿಗೆ ಅದು ಆಧಾರವಾಗಬೇಕಿತ್ತು. ಮೊದಲ ಯುದ್ಧದ ನಂತರ ಅಣೆಕಟ್ಟು ಅರ್ಮೇನಿಯನ್ನರ ಕೈಯಲ್ಲಿ, ಹೊಲ ಅಜರ್‌ಬೈಜಾನಿಗಳ ಕೈಯಲ್ಲಿ. ವಿದ್ಯುತ್ ಬೇಕಾಗುವುದು ಚಳಿಗಾಲದಲ್ಲಿ, ಆಗ ನೀರು ಬಿಡುತ್ತಿದ್ದರು. ಬೇಸಿಗೆಯಲ್ಲಿ ಹತ್ತಿ, ಗೋಧಿ ಬಾಯಿಬಿಟ್ಟಾಗ ಕಾಲುವೆ ಒಣಗಿರುತ್ತಿತ್ತು. 2016ರ ಜನವರಿಯಲ್ಲಿ ಕೌನ್ಸಿಲ್ ಆಫ್ ಯುರೋಪ್‌ನ ಸಂಸದೀಯ ಸಭೆ ಗಡಿ ಜಿಲ್ಲೆಗಳ ಜನರಿಗೆ ಬೇಕೆಂದೇ ನೀರು ತಪ್ಪಿಸಲಾಗುತ್ತಿದೆ ಎಂದು ನಿರ್ಣಯ ಮಾಡಿತು. 2023ರ ನಂತರ ಅಣೆಕಟ್ಟೂ ಹೊಲವೂ ಒಂದೇ ಆಡಳಿತದಲ್ಲಿವೆ. ಆದರೆ ಮೂವತ್ತು ವರ್ಷ ನೀರು ಹರಿಯದ ಕಾಲುವೆ ಬರೀ ತಗ್ಗು: ಕಾಂಕ್ರೀಟ್ ಹಾಳೆ ಕಿತ್ತಿದೆ, ಹೂಳಿನಲ್ಲಿ ಮರ ಬೆಳೆದಿದೆ, ಏರಿಯ ಎರಡೂ ಬದಿ ಮೊದಲು ತೆರವಾಗಬೇಕು.

ಅಣೆಕಟ್ಟಿಗಿಂತ ಹಳೆಯದು ಕಹರಿಝ್ ಎಂಬ ನೆಲದಡಿಯ ನೀರಿನ ಸುರಂಗ. ಕರಾಬಾಖಿನ ತಪ್ಪಲಿನಲ್ಲಿ, ಫಿಜುಲಿ, ಜಬ್ರಾಯಿಲ್, ಅಗ್ದಮ್ ಸುತ್ತ ಬೇಕಾದಷ್ಟಿದ್ದವು. ಬೀದರಿನ ನೌಬಾದ್‌ನ ಕರೇಜ್ ಸುರಂಗ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಪರ್ಷಿಯನ್ ನಾಡಿನಿಂದ ಎರಡೂ ದಿಕ್ಕಿಗೆ ಹೋದ ಒಂದೇ ವಿದ್ಯೆ, ಹೆಸರೂ ಹೆಚ್ಚುಕಡಿಮೆ ಒಂದೇ. ಬೆಟ್ಟದ ಬುಡದಲ್ಲಿ ತಾಯಿಬಾವಿ, ಅಲ್ಲಿಂದ ಊರಿನವರೆಗೆ ಕಂಡೂ ಕಾಣದ ಇಳಿಜಾರಿನ ಸುರಂಗ, ನಡುನಡುವೆ ಗಾಳಿಗೂ ಮಣ್ಣು ಮೇಲೆತ್ತುವುದಕ್ಕೂ ನೇರ ಬಾವಿಗಳು. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರು ಹೆಚ್ಚಾದರೆ ನೀರು ತಳ ಕೊರೆದು ಸುರಂಗ ಕುಸಿಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಸಡಿಲ ಮಣ್ಣಿನ ಕಡೆ ಸುಟ್ಟ ಮಣ್ಣಿನ ಬಳೆ ಕೂಡಿಸಬೇಕು. ಇದನ್ನು ತೋಡುವವನ ಹೆಸರು ಕನ್‌ಕನ್. ವರ್ಷಾವರ್ಷ ಆತ ಇಳಿದು ಹೂಳೆತ್ತದಿದ್ದರೆ ಕಹರಿಝ್ ಸಾಯುತ್ತದೆ. ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಅಜರ್‌ಬೈಜಾನಿನ ಬೇರೆಡೆ ಹಲವು ಕಹರಿಝ್‌ಗಳಿಗೆ ಜೀವ ಕೊಟ್ಟು, ಹೊಸಬರಿಗೂ ಕೆಲಸ ಕಲಿಸಿದೆ. ಕೊಳವೆಬಾವಿ ಕೊರೆಯುವುದು ಬೇಗದ ಕೆಲಸ, ಒಪ್ಪುತ್ತೇನೆ. ಆದರೆ ತಾಯಿಬಾವಿಯ ಹತ್ತಿರ ನಾಲ್ಕು ಕೊಳವೆಬಾವಿ ಬಿದ್ದರೆ ಆ ಕಹರಿಝ್ ಇನ್ನೆಂದೂ ಹರಿಯುವುದಿಲ್ಲ.

ಶುಶಾದ ಕಥೆಯಲ್ಲೂ ನೀರೇ ನಾಯಕ. 1750ರ ಸುಮಾರಿಗೆ ಪನಾಹ್ ಅಲಿ ಖಾನ್ ಕಡಿದಾದ ಬಂಡೆಯ ಮೇಲೆ ಕಟ್ಟಿದ ಊರು, ಶತ್ರುವಿಗೆ ದುರ್ಗಮ, ನೀರಿಗೂ ದುರ್ಗಮ. ಕೊನೆಯ ಖಾನನ ಮಗಳು, ಕವಯಿತ್ರಿ ಖುರ್ಷಿದ್‌ಬಾನು ನಾತವಾನ್ 1873ರಲ್ಲಿ ತನ್ನ ಖರ್ಚಿನಲ್ಲಿ ಕೊಳವೆ ಹಾಕಿಸಿ ನೀರು ತಂದಳು. ಅವಳ ಗಜಲ್ ಓದದವರೂ ಅವಳ ಚಿಲುಮೆಯ ನೀರು ಕುಡಿದಿದ್ದಾರೆ. 1992ರ ನಂತರ ಅವಳ ಕಂಚಿನ ಪ್ರತಿಮೆ, ಸಂಗೀತಗಾರ ಉಝೆಯಿರ್ ಹಾಜಿಬೆಯೊವ್ ಮತ್ತು ಗಾಯಕ ಬುಲ್‌ಬುಲ್ ಪ್ರತಿಮೆಗಳ ಜೊತೆ ಗುಂಡಿನ ತೂತುಗಳೊಂದಿಗೆ ಜಾರ್ಜಿಯಾದ ಗುಜರಿಯಲ್ಲಿ ಸಿಕ್ಕಿತು. ಕರಗಿಸುವ ಮೊದಲು ಕೊಂಡು ಬಾಕುವಿಗೆ ತಂದರು. 2021ರಲ್ಲಿ ಮೂರನ್ನೂ ಶುಶಾದಲ್ಲಿ ಮತ್ತೆ ನಿಲ್ಲಿಸಿದಾಗ ತೂತು ಮುಚ್ಚಲಿಲ್ಲ. ಒಳ್ಳೆಯದೇ ಮಾಡಿದರು.

ಸೂರಿನ ವಿಷಯ ಬೇಗ ಮುಗಿಸಬಹುದು, ಅದು ಹಣವಿದ್ದರೆ ಆಗುವ ಕೆಲಸ. ಮೊದಲ ಪ್ರಯೋಗ 2017ರಲ್ಲಿ ಜಬ್ರಾಯಿಲ್‌ನ ಜೊಜುಗ್ ಮರ್ಜಾನ್ಲಿಯಲ್ಲಿ. ಆ ಹಳ್ಳಿ 1994ರಲ್ಲೇ ಕೈಗೆ ಮರಳಿತ್ತು. ಆದರೆ ಪಕ್ಕದ ಗುಡ್ಡ ಎದುರಾಳಿಯ ಕೈಯಲ್ಲಿದ್ದದ್ದರಿಂದ ಇಪ್ಪತ್ತೆರಡು ವರ್ಷ ಬಹುತೇಕ ಯಾರೂ ವಾಸಿಸಲಾಗಲಿಲ್ಲ. 2016ರ ಏಪ್ರಿಲ್‌ನ ನಾಲ್ಕು ದಿನಗಳ ಕಾದಾಟದಲ್ಲಿ ಗುಡ್ಡ ಸಿಕ್ಕಿತು, ಮರು ವರ್ಷ 50 ಮನೆ ಎದ್ದವು. 2020ರ ನಂತರ ಝಂಗಿಲಾನ್‌ನ ಅಘಾಲಿ ಮಾದರಿ ಹಳ್ಳಿಯಾಯಿತು: ಮೊದಲ ಹಂತದಲ್ಲಿ 200 ಮನೆ, ಹತ್ತಿರದ ನದಿಯಲ್ಲಿ ಸಣ್ಣ ಟರ್ಬೈನ್, 2022ರ ಜುಲೈನಿಂದ ಕುಟುಂಬಗಳು ಬಂದವು. ಅದೇ ನವೆಂಬರ್‌ನಲ್ಲಿ ‘ಮಹಾ ಮರಳುವಿಕೆ’ಯ ಮೊದಲ ಸರ್ಕಾರಿ ಕಾರ್ಯಕ್ರಮಕ್ಕೆ ಒಪ್ಪಿಗೆ ಬಿತ್ತು. ಫಿಜುಲಿ, ಝಂಗಿಲಾನ್, ಲಾಚಿನ್‌ನಲ್ಲಿ ವಿಮಾನ ನಿಲ್ದಾಣಗಳಾದವು. ಇಷ್ಟು ಹತ್ತಿರದಲ್ಲಿ ಮೂರು ಬೇಕಿತ್ತೇ ಎಂಬ ಅನುಮಾನ ನನಗಿದೆ. ಅಘಾಲಿಯಂಥ ಅಚ್ಚುಕಟ್ಟು ಸಾಲುಮನೆಗಳ ಕಷ್ಟ ಬೇರೆ. ಹಳೆಯ ಹಳ್ಳಿಯಲ್ಲಿ ಮನೆಗೆ ತಾಗಿ ಹಿತ್ತಿಲು, ಹಿತ್ತಿಲಲ್ಲಿ ಹಿಪ್ಪುನೇರಳೆ, ದಾಳಿಂಬೆ, ಕುರಿದೊಡ್ಡಿ. ಐವತ್ತು ದಾಟಿದವರಿಗೆ ಅದು ನೆನಪಿದೆ. ಸುಮ್‌ಗಾಯಿತ್‌ನ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿದವರಿಗೆ ಬೇಕಾದದ್ದು ಸಂಬಳದ ಕೆಲಸ ಮತ್ತು ಮಕ್ಕಳಿಗೆ ಶಾಲೆ.

ಹಾಗಿದ್ದರೂ ಮೂವತ್ತು ವರ್ಷ ಈ ಜನರನ್ನು ಅಗ್ದಮಿಗಳು, ಶುಶಾದವರು ಎಂದು ಹಿಡಿದಿಟ್ಟದ್ದು ಹೊತ್ತು ತಂದ ವಸ್ತುಗಳು ಮತ್ತು ಕೈಕೆಲಸ. ಶುಶಾದ ಜಮಖಾನೆ ಮ್ಯೂಸಿಯಂನಿಂದ ಊರು ಬೀಳುವ ಮೊದಲು 183 ಜಮಖಾನೆಗಳನ್ನು ಬಾಕುವಿಗೆ ಸಾಗಿಸಲಾಯಿತು, ಉಳಿದವು ಹೋದವು. ಕರಾಬಾಖ್ ಜಮಖಾನೆ ಉತ್ತರದ ಗುಬಾ ಊರಿನ ಜಮಖಾನೆಯಷ್ಟು ಒತ್ತಾದ ನೇಯ್ಗೆಯದಲ್ಲ. ದಪ್ಪ ಉಣ್ಣೆ, ಎರಡು ಹಾಸುದಾರಗಳನ್ನೂ ಸುತ್ತಿ ನಡುವೆ ತುದಿ ಹೊರಬರುವ ತುರ್ಕಿ ಗಂಟು, ದೊಡ್ಡ ವಿನ್ಯಾಸ. ಅದರ ಕೆಂಪೇ ಅದರ ಗುರುತು. ಆ ಕೆಂಪು ಬರುವುದು ಬೊಯಾಗ್‌ಓತು ಗಿಡದ ಬೇರಿನಿಂದ, ನಮ್ಮ ಮಂಜಿಷ್ಠದ ದಾಯಾದಿ. ತೊಳೆದ ಒಂದು ಕಿಲೋ ಉಣ್ಣೆಗೆ 150ರಿಂದ 200 ಗ್ರಾಂ ಪಟಿಕ ಹಾಕಿ ಕಾಯಿಸಿ ಒಂದು ರಾತ್ರಿ ಬಿಡಬೇಕು. ಬೇರಿನ ಪುಡಿ ಉಣ್ಣೆಯ ತೂಕದಷ್ಟೇ, ಹಿಂದಿನ ದಿನವೇ ನೆನೆಹಾಕಿ. ಬಣ್ಣದ ನೀರು 70 ಡಿಗ್ರಿ ದಾಟಬಾರದು. ದಾಟಿದರೆ ಬೇರಿನೊಳಗಿನ ಕಂದು ಬಿಟ್ಟುಕೊಂಡು ಕೆಂಪು ಇಟ್ಟಿಗೆಯಾಗುತ್ತದೆ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಮಂಕಾಗುತ್ತದೆ. ಸುಣ್ಣದಂಶವಿರುವ ಗಡಸು ನೀರೇ ಇದಕ್ಕೆ ಒಳ್ಳೆಯದು, ಮೆದು ನೀರಿನಲ್ಲಿ ಕೆಂಪು ಏಳುವುದಿಲ್ಲ.

ತಾರ್ ವಾದ್ಯವೂ ಹಾಗೆ ಹೆಗಲೇರಿ ಬಂದದ್ದು. ಎಂಟರ ಆಕಾರದ ಒಡಲು ಹಿಪ್ಪುನೇರಳೆ ಮರದ್ದು, ಕೊರಳು ಆಕ್ರೋಟು ಮರದ್ದು, ಮುಖಕ್ಕೆ ಹೊದಿಸುವುದು ಎತ್ತಿನ ಹೃದಯದ ಸುತ್ತಲಿನ ತೆಳು ಪೊರೆ. ಶುಶಾದ ಸಾದಿಗ್‌ಜಾನ್ 19ನೇ ಶತಮಾನದಲ್ಲಿ ತಂತಿಗಳನ್ನು 11ಕ್ಕೇರಿಸಿ, ತೊಡೆಯ ಮೇಲಿನ ವಾದ್ಯವನ್ನು ಎದೆಗೆ ತಂದ. ಪೊರೆ ತೇವ ಹೀರಿ ಸಡಿಲವಾದರೆ ಶ್ರುತಿ ಕುಸಿಯುತ್ತದೆ, ಬಾಕುವಿನ ಸಮುದ್ರದ ಗಾಳಿಯಲ್ಲಿ ಅದು ದಿನದ ಗೋಳು. ಅಲ್ಲಿಯ ಶಾಸ್ತ್ರೀಯ ಸಂಗೀತವಾದ ಮುಗಾಮ್ ಗಾಯನದಲ್ಲಿ ಹಾಡುವವ, ತಾರ್, ಕಮಾನಿನಿಂದ ನುಡಿಸುವ ಕಮಾಂಚಾ, ಹಾಡುವವನ ಕೈಯಲ್ಲೇ ಒಂದು ಖಂಜಿರದಂಥ ಗವಾಲ್, ಇಷ್ಟೇ ಮೇಳ. ರಸ್ತ್, ಶೂರ್, ಸೆಗಾಹ್ ಎಂದೆಲ್ಲ ರಾಗದಂಥ ಮುಖ್ಯ ಮುಗಾಮ್‌ಗಳು ಏಳು. ಆಲಾಪ ಕೇಳುವ ಕಿವಿಯಿದ್ದರೆ ಸೆಗಾಹ್‌ನಿಂದ ಶುರು ಮಾಡಿ.

ಒಂದು ಮಾತು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಒಂದು ದಿನದ ಸೇನಾ ಕಾರ್ಯಾಚರಣೆಯ ಬೆನ್ನಿಗೆ ಒಂದು ಲಕ್ಷಕ್ಕೂ ಹೆಚ್ಚು ಕರಾಬಾಖ್ ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಲಾಚಿನ್ ದಾರಿಯಲ್ಲಿ ಮನೆ ಬಿಟ್ಟು ಹೋದರು. ಅದಕ್ಕೂ ಮುಂಚೆ ಒಂಬತ್ತು ತಿಂಗಳು ಆ ದಾರಿ ಮುಚ್ಚಿತ್ತು. ಅಗ್ದಮ್‌ನ ಜುಮ್ಮಾ ಮಸೀದಿಯಲ್ಲಿ ದನ ಕಟ್ಟಿದ್ದು ನಿಜ. 2020ರಲ್ಲಿ ಶುಶಾದ ಘಝಂಚೆತ್ಸೊತ್ಸ್ ಚರ್ಚಿನ ಛಾವಣಿಗೆ ಶೆಲ್ ಬಿದ್ದದ್ದೂ ನಿಜ. 2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಕಿರುಸಹಿ ಹಾಕಿದರು. ಹೋದ ಅರ್ಮೇನಿಯನ್ನರ ಮನೆ, ಗೋರಿಗಳ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ.

ಅಗ್ದಮ್‌ನಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಇತ್ತು, ಕರಾಬಾಗ್. ಅದರ ತರಬೇತುದಾರ ಅಲ್ಲಾವರ್ದಿ ಬಾಗಿರೊವ್ ಯುದ್ಧ ಶುರುವಾದಾಗ ತುಕಡಿ ಕಟ್ಟಿಕೊಂಡು ಹೋದವ, 1992ರ ಜೂನ್‌ನಲ್ಲಿ ಅವನ ಗಾಡಿ ನೆಲಬಾಂಬಿನ ಮೇಲೆ ಹರಿಯಿತು. ಮರು ವರ್ಷ ಊರೂ ಹೋಯಿತು, ಇಮಾರತ್ ಮೈದಾನವೂ ಹೋಯಿತು. ಕ್ಲಬ್ ಮಾತ್ರ ಬಾಕುವಿನಲ್ಲಿ ಬೇರೆಯವರ ಮೈದಾನದಲ್ಲಿ ಆಡುತ್ತಾ, 2017ರಲ್ಲಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ತಲುಪಿದ ಮೊದಲ ಅಜರ್‌ಬೈಜಾನಿ ತಂಡವಾಯಿತು. ಅಗ್ದಮ್‌ನ ಹೊಸ ನಕ್ಷೆ ಒಂದು ಲಕ್ಷ ಜನರಿಗೆಂದು ಬರೆದದ್ದು.